ಕಡಲ ಹದ್ದು ಗೇರುಸೊಪ್ಪೆಗೆ ಬಂದದ್ದು ಯಾವಾಗ?

ಮೊನ್ನೆ ಗೇರುಸೊಪ್ಪೆ ಅಣೆಕಟ್ಟಿನ ಹಿನ್ನೀರಿನ ಮೇಲೆ ಬೂದು ಬೆನ್ನಿನ ದೊಡ್ಡ ಹಕ್ಕಿಯೊಂದು ಸುತ್ತುತ್ತಿತ್ತು. ಬಿಳಿಹೊಟ್ಟೆಯ ಕಡಲ ಹದ್ದು! ಹೊನ್ನಾವರದ ಕಡಲಿನಿಂದ ಸುಮಾರು 30 ಕಿ.ಮೀ. ಒಳಗೆ ಇದಕ್ಕೇನು ಕೆಲಸ ಅಂತ ಯೋಚನೆಗೆ ಬಿದ್ದೆ.

ಹಳೆಯ ಪುಸ್ತಕಗಳಲ್ಲಿ ಇದು ಕಡಲಂಚಿನ ಹಕ್ಕಿ. 1862ರ 'ಬರ್ಡ್ಸ್ ಆಫ್ ಇಂಡಿಯಾ'ದಲ್ಲಿ ಜೆರ್ಡನ್ ಪಿಜನ್ ಐಲೆಂಡ್, ಅಂದರೆ ನಮ್ಮ ನೇತ್ರಾಣಿಯ ಬಗ್ಗೆ ಬರೆದಿದ್ದಾನೆ. ಈ ಹದ್ದಿನ ಗೂಡಿದ್ದ ಮರಗಳ ಕೆಳಗೆಲ್ಲ ಕಡಲ ಹಾವುಗಳ ಮೂಳೆ ಬಿದ್ದಿದ್ದವಂತೆ.

ಆಮೇಲೆ ಶರಾವತಿ ಬದಲಾಯಿತು. 1964ರಲ್ಲಿ ಲಿಂಗನಮಕ್ಕಿ, 2001ರ ಹೊತ್ತಿಗೆ ಗೇರುಸೊಪ್ಪೆ ಟೇಲ್‌ರೇಸ್. ಬೇಸಿಗೆಯಲ್ಲೂ ನಿಂತ ನೀರು, ಅದರಲ್ಲಿ ಮೀನು. ಅಣೆಕಟ್ಟೇ ಹದ್ದನ್ನು ಕರೆತಂದಿತು ಅಂತ ಬರೆಯೋಕೆ ಕೈ ತುರಿಸಿತು.

ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಅಜ್ಜ ನಕ್ಕರು. "ತಮಾ, ಕಟ್ಟೆ ಕಟ್ಟೂಕಿಂತ ಮುಂಚೆನೂ ಇತ್ತು. ನೋಡೂರು ಯಾರಿದ್ರು?"

ನಿಜ. ಹಕ್ಕಿ ಹೊಸದೋ, ನಮ್ಮ ಬೈನಾಕ್ಯುಲರ್ ಹೊಸದೋ ಅಂತ ಹೇಳೋಕೆ ಹಿಂದಿನವರು ಬರೆದಿಟ್ಟಿರಬೇಕು. ನಾನಂತೂ ಕಂಡದ್ದನ್ನು ತಾರೀಖು, ಹೊತ್ತು, ಜಾಗದ ಸಮೇತ ಬರೆದಿಟ್ಟೆ. ನೀವೂ ಬರೆದಿಡಿ ಮಾರಾಯ್ರೆ. ಹುಡುಕಿಯೂ ಕಾಣದ ದಿನಾನೂ ಬರೆದಿಡಿ. ಐವತ್ತು ವರ್ಷದ ಮೇಲೆ ಅದೇ ಸಾಕ್ಷಿ.