ಮೂರು ಕಾಲಿನ ಬಿಥೋವನ್

ನಮ್ಮ ಹೊನ್ನಾಳಿ, ನ್ಯಾಮತಿ ಕಡೆ ಬಿಥೋವನ್ ಹೆಸರು ಕೇಳಿದವರು ಕಡಿಮೆ. ಆದರೆ ಅವನ ‘ಫ್ಯೂರ್ ಎಲೀಸ್’ ಕಿವಿಗೆ ಬೀಳದವರು ಇಲ್ಲವೇ ಇಲ್ಲ ಅನ್ನಬಹುದು. ಕಾಲಿಂಗ್ ಬೆಲ್ ಒತ್ತಿದರೆ ಅದೇ, ಸುಮೋ ರಿವರ್ಸ್ ತಗೊಂಡರೆ ಅದೇ, ಜಾತ್ರೇಲಿ ತಂದ ಗ್ರೀಟಿಂಗ್ ಕಾರ್ಡ್ ಬಿಚ್ಚಿದರೆ ಅದೇ, ಇಲ್ಲಾಂದ್ರೆ ‘ಹ್ಯಾಪಿ ಬರ್ತ್‌ಡೇ’. ಜಗಳೂರಲ್ಲಿ ನಮ್ಮ ಅತ್ತೆ ಮನೆ ಬೆಲ್ ಒತ್ತಿ, ಟ್ಯೂನ್ ಮುಗಿಯೋವರೆಗೂ ಬಾಗಿಲಲ್ಲೇ ನಿಂತು ಕೇಳ್ತಿದ್ವಿ. “ಕರೆಂಟ್ ಇರೋದೇ ಎರಡು ತಾಸು, ಬೆಲ್ಲಿಗೇ ಸುರೀಬ್ಯಾಡ್ರೋ” ಅಂತ ಅತ್ತೆ ಒಳಗಿಂದ ಕೂಗೋರು.

ಆ ಸದ್ದು ಹೊರಡಿಸ್ತಿದ್ದದ್ದು ಯುಎಂ66 ಅನ್ನೋ ಚಿಪ್. ನೋಡೋಕೆ ಥೇಟ್ ಟ್ರಾನ್ಸಿಸ್ಟರ್. ಮೂರು ಕಾಲು, ಕಡಲೆಕಾಳಿನಷ್ಟು ಕಪ್ಪು ತಲೆ. ಒಂದು ಕಾಲಿಗೆ ಮೂರು ವೋಲ್ಟ್, ಒಂದು ಕಾಲು ನೆಲಕ್ಕೆ, ಇನ್ನೊಂದರಿಂದ ಸಂಗೀತ. ಒಳಗೆ ಅರವತ್ತು ಚಿಲ್ಲರೆ ಸ್ವರ ಹಿಡಿಯುವಷ್ಟು ಜಾಗ. ಹೆಸರಿನ ಕೊನೆಯ ಅಂಕಿ 08 ಇದ್ದರೆ ಹುಟ್ಟುಹಬ್ಬ, 19 ಇದ್ದರೆ ಬಿಥೋವನ್. ಇದನ್ನ ತಯಾರಿಸಿದ್ದು 1980ರಲ್ಲಿ ಶುರುವಾದ ತೈವಾನಿನ ಯುಎಂಸಿ ಕಂಪನಿ.

ಇದೇ ಕಂಪನಿ ಇನ್ನೊಂದು ದಾರೀಲೂ ನಮ್ಮ ಮನೆಗಳಿಗೆ ಬಂತು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಯಂತ್ರದ ಮುಖ್ಯ ಚಿಪ್ಪನ್ನು ಯುಎಂಸಿ ನಕಲು ಮಾಡಿತ್ತು. ಆ ನಕಲು ಕೂತ ಟಿವಿ ಗೇಮ್ ಡಬ್ಬಿಗಳು, ‘9999 ಇನ್ 1’ ಅಂತ ಬರೆದ ಕ್ಯಾಸೆಟ್ಟುಗಳ ಜೊತೆ ಜಗತ್ತಿನ ಮೂಲೆ ಮೂಲೆಗೂ ಹೋದವು. ಚನ್ನಗಿರಿಯ ಚಿಕ್ಕಪ್ಪನ ಮನೆಗೆ ಅಡಿಕೆಗೆ ಒಳ್ಳೇ ರೇಟಿದ್ದ ವರ್ಷ ಅಂಥದ್ದೊಂದು ಬಂತು. ಆಟಕ್ಕಿಂತ ಅದರ ಸದ್ದೇ ನನಗೆ ಹುಚ್ಚು ಹಿಡಿಸಿದ್ದು.

ಆ ಚಿಪ್ಪಿನಲ್ಲಿ ಐದು ಚಾನೆಲ್. ಎರಡು ಚೌಕದ ಅಲೆ, ಒಂದು ತ್ರಿಕೋನದ ಅಲೆ, ಒಂದು ಬರೀ ಶಬ್ದ, ಒಂದು ರೆಕಾರ್ಡ್ ಮಾಡಿದ ತುಣುಕುಗಳಿಗೆ. 1985ರ ಮಾರಿಯೋ ಆಟಕ್ಕೆ ಕೋಜಿ ಕೊಂಡೊ ಸಂಗೀತ ಕೂರಿಸಿದ್ದು ಇಷ್ಟರಲ್ಲೇ. ಒಂದು ಮಜಾ ಏನಂದ್ರೆ, ನಾವು ಕೇಳಿದ ಮಾರಿಯೋ ಜಪಾನಿನವರು ಕೇಳಿದ ಮಾರಿಯೋ ಅಲ್ಲ. ಅಲ್ಲಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸಿದರೆ ನಮ್ಮದು 50 ಸಲ. ಸಂಗೀತವೂ ಆ ಲೆಕ್ಕಕ್ಕೇ ಕಟ್ಟುಬಿದ್ದಿದ್ದರಿಂದ, ಶ್ರುತಿ ಹೆಚ್ಚುಕಮ್ಮಿ ಹಾಗೇ ಇದ್ದು ಲಯ ಆರರಲ್ಲಿ ಒಂದು ಪಾಲು ನಿಧಾನ. ಸಾಲದ್ದಕ್ಕೆ ಎಷ್ಟೋ ನಕಲು ಚಿಪ್ಪುಗಳಲ್ಲಿ ಚೌಕದ ಅಲೆಯ ಎರಡು ಆಕಾರ ಅದಲುಬದಲಾಗಿದ್ದವು, ನಾದವೇ ಬೇರೆ. ಈಗ ಯೂಟ್ಯೂಬಿನಲ್ಲಿ ಅಸಲಿ ಮಾರಿಯೋ ಕೇಳಿದರೆ ನನಗೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಅನ್ಸುತ್ತೆ.

ಹಳೇ ಯಂತ್ರಗಳ ಈ ಸದ್ದಿನಲ್ಲೇ ಸಂಗೀತ ಮಾಡೋದಕ್ಕೆ ಚಿಪ್‌ಟ್ಯೂನ್ ಅಂತಾರೆ. ಯುರೋಪಿನ ಹುಡುಗರು ಇದನ್ನ ಬೆಳೆಸಿದ್ದು ಹೇಗೆ ಅಂದ್ರೆ, ಅವರ ಮನೇಲಿದ್ದದ್ದು ಬರೀ ಆಟದ ಡಬ್ಬಿ ಅಲ್ಲ, ಕಂಪ್ಯೂಟರ್. 1982ರ ಕಮೊಡೋರ್ 64ರಲ್ಲಿ ಬಾಬ್ ಯಾನ್ಸ್ ರೂಪಿಸಿದ ‘ಸಿಡ್’ ಚಿಪ್ ಇತ್ತು. ಕೀಬೋರ್ಡಿನಿಂದ ಅದಕ್ಕೆ ಏನು ಬೇಕಾದರೂ ಬರೆಯಬಹುದಿತ್ತು. ನಮ್ಮ ಯುಎಂ66ಗೆ ಬರೆಯೋಕಾಗಲ್ಲ. ಕಾರ್ಖಾನೇಲಿ ಹಾಡು ಅಚ್ಚೊತ್ತಿಯೇ ಕಳಿಸ್ತಿದ್ರು. ಟಿವಿ ಗೇಮಿನ ಕ್ಯಾಸೆಟ್ಟೂ ಅಷ್ಟೇ. ಒಂದೇ ಕಾಲದ ಅಣ್ಣತಮ್ಮಂದಿರಂಥ ಚಿಪ್ಪುಗಳು, ಒಬ್ಬರಿಗೆ ಅದು ವಾದ್ಯ, ಇನ್ನೊಬ್ಬರಿಗೆ ಬೆಲ್ಲು. ಚಿಪ್‌ಟ್ಯೂನ್ ಚರಿತ್ರೆ ಬರೆಯೋರು ಈ ಎರಡನೆಯವರನ್ನ ಲೆಕ್ಕಕ್ಕೇ ತಗೊಳ್ಳಲ್ಲ ಅನ್ನೋದು ನನ್ನ ತಕರಾರು.

ಬರೆಯಬಹುದಾದ ಯಂತ್ರ ಭಾರತಕ್ಕೆ ಬರಲೇ ಇಲ್ಲ ಅಂತಲ್ಲ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನೋ ಯೋಜನೆ ತಂದು, ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಕೊಟ್ಟಿತು. ಅದರಲ್ಲಿ ‘ಸೌಂಡ್’ ಅಂತ ಟೈಪ್ ಮಾಡಿ ನಾಲ್ಕು ಅಂಕಿ ಕೊಟ್ಟರೆ ಸ್ವರ ನುಡೀತಿತ್ತು. ಸಾ ಮತ್ತು ಪಕ್ಕದ ರಿ ನಡುವಿನ ಅಂತರವನ್ನೂ ನಾಲ್ಕು ಪಾಲು ಮಾಡಿ ಕೊಡ್ತಿತ್ತು. ನಮ್ಮೂರ ಶಾಲೇಲಿ ಆಗ ಇದ್ದದ್ದು ಹೊಡೆಯೋ ಗಂಟೆ.

ಬೆಂಗಳೂರಲ್ಲಿ ಒಬ್ಬರು ಮಾತ್ರ ಡಬ್ಬಿ ಬಿಚ್ಚಿದರು. ಕೊಳಲು ನುಡಿಸುತ್ತಿದ್ದ ಇಂಜಿನಿಯರ್ ಜಿ. ರಾಜ್ ನಾರಾಯಣ್. 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ, 1988ರಲ್ಲಿ ‘ತಾಳಮಾಲ’ ಅನ್ನೋ ಎಲೆಕ್ಟ್ರಾನಿಕ್ ತಬಲಾ. ಇವತ್ತು ರಾಡೆಲ್ ಪೆಟ್ಟಿಗೆ ಇಲ್ಲದ ಸಂಗೀತದ ಮನೆ ಅಪರೂಪ. ಅದರ ಗುಂಡಿ ತಿರುಗಿಸಿದರೆ ಶ್ರುತಿ ಹಾಡುಗಾರರ ಗಂಟಲಿಗೆ ಬಂದು ಕೂರುತ್ತೆ. ಇದು ಸಣ್ಣ ಮಾತಲ್ಲ. ಹಾರ್ಮೋನಿಯಂನಲ್ಲಿ ಸ್ವರಗಳು ಮೊಳೆ ಹೊಡೆದ ಹಾಗೆ ನಿಲ್ತವೆ, ಗಮಕ ಬರಲ್ಲ ಅಂತ ಆಕಾಶವಾಣಿ ಅದನ್ನ 1940ರಿಂದ 1971ರವರೆಗೆ ಹೊರಗಿಟ್ಟಿತ್ತು.

ನಮಗೆ ಬರೆಯೋ ಅವಕಾಶ ಸಿಕ್ಕಿದ್ದು ನೋಕಿಯಾ ಬಂದಾಗ. 3310ರಲ್ಲಿ ‘ಕಂಪೋಸರ್’ ಇತ್ತು. 1ರಿಂದ 7ರ ಕೀಗಳೇ ಸಪ್ತಸ್ವರ, 8 ಒತ್ತಿದರೆ ಸ್ವರ ಗಿಡ್ಡ, 9 ಒತ್ತಿದರೆ ಉದ್ದ, ನಕ್ಷತ್ರಕ್ಕೆ ಸ್ಥಾಯಿ ಬದಲು, 0 ಅಂದರೆ ಮೌನ. ಒಟ್ಟು 50 ಸ್ವರ. ಪಿಯುಸಿಯಲ್ಲಿ ಕೆಮಿಸ್ಟ್ರಿ ನೋಟ್ಸಿನ ಕೊನೇ ಹಾಳೆ ತುಂಬ ಈ ಅಂಕಿಗಳೇ. 2006ರ ಕೊನೆಗೆ ‘ಮುಂಗಾರು ಮಳೆ’ ಬಂದ ಮೇಲಂತೂ ಹೊನ್ನಾಳಿ ಬಸ್ ಸ್ಟ್ಯಾಂಡಲ್ಲಿ ಹುಡುಗರು ಹಾಡನ್ನ ಅಂಕಿಗಳಲ್ಲೇ ಬಾಯಿಪಾಠ ಹೇಳೋರು. ಅದು ಚಿಪ್‌ಟ್ಯೂನ್ ಅಲ್ಲದೆ ಮತ್ತೇನು? ಹೆಸರು ಗೊತ್ತಿರಲಿಲ್ಲ, ಅಷ್ಟೇ. ಆದರೆ ಅಲ್ಲೂ ಹಾರ್ಮೋನಿಯಂನ ಕಾಟವೇ, ಎರಡು ಸ್ವರಗಳ ನಡುವೆ ಏನೂ ಇಲ್ಲ. ಹಾಡು ಗುರುತು ಸಿಗುತ್ತೆ, ಜಾರು ಇರಲ್ಲ.

ಹಳೇ ಟಿವಿ ಗೇಮ್ ಚಿಪ್ಪಿನಲ್ಲಿ ಅದು ಇದೆ ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ. ಎಸ್‌ಪಿ ರೋಡಿನಲ್ಲಿ ಸಿಕ್ಕ ಹಳೇ ಬೋರ್ಡಿಗೆ, ನಾವೇ ಪ್ರೋಗ್ರಾಮ್ ತುಂಬಬಹುದಾದ ಕ್ಯಾಸೆಟ್ ಹಾಕಿ ಶನಿವಾರ ರಾತ್ರಿ ಕೂರ್ತೀನಿ. ಚೌಕದ ಅಲೆಯ ಸ್ವರ ನಿರ್ಧಾರವಾಗೋದು 0ಯಿಂದ 2047ರ ನಡುವಿನ ಒಂದು ಅಂಕಿಯಿಂದ. 251 ಕೊಟ್ಟರೆ ಸುಮಾರು 440 ಹರ್ಟ್ಜ್. 250 ಕೊಟ್ಟರೆ ಹತ್ತಿರ ಹತ್ತಿರ ಎರಡು ಹರ್ಟ್ಜ್ ಏರುತ್ತೆ. ಪಕ್ಕದ ಸ್ವರ ಮುಟ್ಟೋಕೆ 14 ಹೆಜ್ಜೆ. ನೋಕಿಯಾದಲ್ಲಿ ಒಂದೇ ಜಿಗಿತ ಇದ್ದ ಕಡೆ ಇಲ್ಲಿ 14 ಮೆಟ್ಟಿಲು! ಅಂಕಿಯನ್ನ ಸೆಕೆಂಡಿಗೆ 50 ಸಲ ಬದಲಿಸಿದರೆ ಕಿವಿಗೆ ಮೆಟ್ಟಿಲೇ ಗೊತ್ತಾಗಲ್ಲ.

ಸಂಗೀತ ಕಲಿತಿರೋ ನನ್ನ ಹೆಂಡತಿ ತೋಡಿಯ ಗಾಂಧಾರ ಹಾಡಿದಳು, ನಾನು ಅದರ ಓಲಾಟವನ್ನ ಅಂಕಿ ಮಾಡಿ ಇಳಿಸಿದೆ. ನಾಲ್ಕು ಶನಿವಾರ ಹಿಡೀತು. “ಇದು ಗಾಂಧಾರವೇ, ನೆಗಡಿ ಆಗಿದೆ” ಅಂದಳು. ತ್ರಿಕೋನದ ಚಾನೆಲ್‌ಗೆ ವಾಲ್ಯೂಮ್ ಏರಿಸಿ ಇಳಿಸೋ ಸೌಲಭ್ಯವೇ ಇಲ್ಲ. ಬೇರೆ ಸಂಗೀತದವರಿಗೆ ಅದು ಕೊರತೆ. ನಮಗೆ ಒಂದೇ ಸಮ ನಿಲ್ಲೋ ಷಡ್ಜ ಬಿಟ್ಟಿ ಸಿಕ್ಕಿತು. ಶಬ್ದದ ಚಾನೆಲ್‌ನಲ್ಲಿ ಮೃದಂಗ ಇನ್ನೂ ಕೂರ್ತಿಲ್ಲ, ತಗಡು ಬಡಿದ ಹಾಗೆ ಕೇಳುತ್ತೆ. ಡೊಳ್ಳು ಪರವಾಗಿಲ್ಲ.