ಗಿರೀಶ ಕಾರ್ನಾಡ: ಹೊರನಾಡಿಗೆ ಹೋದರೂ ಬಿಡದ ಕನ್ನಡ

ನಾಟಕಕಾರ, ನಟ ಹಾಗೂ ಚಿತ್ರ ನಿರ್ದೇಶಕ ಗಿರೀಶ ಕಾರ್ನಾಡರು 1938ರ ಮೇ 19ರಂದು ಮಾಥೇರಾನದಲ್ಲಿ ಜನಿಸಿದರು. ತಂದೆ ಡಾ. ರಘುನಾಥ ಕಾರ್ನಾಡ, ತಾಯಿ ಕೃಷ್ಣಾಬಾಯಿ. ಮನೆಮಾತು ಕೊಂಕಣಿ, ಮೊದಲ ಪಾಠ ಮರಾಠಿಯಲ್ಲಿ. ಕನ್ನಡ ಅವರಿಗೆ ಒಲಿದದ್ದು ಶಿರಸಿ ಮತ್ತು ಧಾರವಾಡಗಳಲ್ಲಿ. ಮೂರು ಭಾಷೆಗಳ ನಡುವೆ ಬೆಳೆಯುವ ಗಡಿಭಾಗದ ಓದುಗರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಹಾಗೂ ಸಂಖ್ಯಾಶಾಸ್ತ್ರ ಓದಿದ ಅವರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಇಂಗ್ಲಿಷ್ ಕವಿಯಾಗಿ ಹೆಸರು ಗಳಿಸಬೇಕೆಂಬುದು ಆಗಿನ ಹಂಬಲ. ಆದರೆ ಪ್ರಯಾಣದ ಸಿದ್ಧತೆಯ ನಡುವೆ ಲೇಖನಿಯಿಂದ ಹೊರಬಂದದ್ದು 'ಯಯಾತಿ', ಅದು ಕವಿತೆಯಲ್ಲ, ನಾಟಕ, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಹೋದ ಮಗ ಪರದೇಶದಲ್ಲಿಯೇ ನೆಲೆಸಿಬಿಟ್ಟಾನೆಂಬ ಆತಂಕ ಹೆತ್ತವರಿಗಿತ್ತು. ತಂದೆಯ ಮುಪ್ಪನ್ನು ಹೊರುವ ಮಗನ ಕಥೆಯನ್ನು ತಾವೇಕೆ ಆರಿಸಿಕೊಂಡೆವೆಂಬುದು ಕಾರ್ನಾಡರಿಗೆ ಹೊಳೆದದ್ದು ನಂತರ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯು ಈ ಕೃತಿಯನ್ನು ಪ್ರಕಟಿಸಿತು. ಲೇಖಕರು ಆಗ ಇಂಗ್ಲೆಂಡಿನಲ್ಲಿದ್ದರು.

1963ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ ಅಧ್ಯಕ್ಷರಾಗಿದ್ದ ಅವರು ಅದೇ ವರ್ಷ ಸ್ವದೇಶಕ್ಕೆ ಮರಳಿದರು. ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಉದ್ಯೋಗ, ಬಿಡುವಿನಲ್ಲಿ ಮದ್ರಾಸ್ ಪ್ಲೇಯರ್ಸ್ ತಂಡದೊಡನೆ ರಂಗಭೂಮಿ. 'ತುಘಲಕ್' (1964) ಅವರನ್ನು ದೇಶದಾದ್ಯಂತ ಪರಿಚಯಿಸಿತು. 'ಹಯವದನ' (1971) ಜಾನಪದ ರಂಗದ ಕಟ್ಟನ್ನು ಆಧುನಿಕ ನಾಟಕಕ್ಕೆ ಒಗ್ಗಿಸಿತು. ಗೋಕಾಕ-ಮೂಡಲಗಿ ಸೀಮೆಯಲ್ಲಿ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಅದರ ಭಾಗವತನ ಪಾತ್ರ ಹೊಸದೆನಿಸಲಾರದು.

ನಟರಾಗಿ ಅವರ ಹೆಸರು ಮನೆಮಾತಾದದ್ದು 'ಸಂಸ್ಕಾರ' (1970) ಚಿತ್ರದ ಪ್ರಾಣೇಶಾಚಾರ್ಯರಿಂದ, ಚಿತ್ರಕಥೆಯೂ ಅವರದೇ. 'ಕಾಡು', 'ಒಂದಾನೊಂದು ಕಾಲದಲ್ಲಿ' ಅವರು ನಿರ್ದೇಶಿಸಿದ ಚಿತ್ರಗಳು.

ಎರಡನೆಯ ವಿದೇಶವಾಸ 1987-88ರಲ್ಲಿ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಅವರಿಂದ ಕೇಳಿದ್ದ ಕನ್ನಡದ ಎರಡು ಜನಪದ ಕಥೆಗಳು 'ನಾಗಮಂಡಲ'ವಾದವು. ಅಮೆರಿಕದಲ್ಲಿ ಕುಳಿತು ಬರೆದರೂ ಮೊದಲು ಬಂದದ್ದು ಕನ್ನಡವೇ, ಇಂಗ್ಲಿಷ್ ರೂಪ ಆಮೇಲಿನದು. 1993ರಲ್ಲಿ ಮಿನಿಯಾಪೊಲಿಸಿನ ಗಥ್ರಿ ರಂಗಮಂದಿರ ಈ ನಾಟಕವನ್ನು ಪ್ರದರ್ಶಿಸಿತು. ಟಿಪ್ಪುವಿನ ಕುರಿತ ನಾಟಕದ ದಾರಿ ಮಾತ್ರ ಬೇರೆ. ಅದು ಬಿಬಿಸಿ ರೇಡಿಯೋ ಬರೆಯಿಸಿದ್ದು, 1997ರಲ್ಲಿ ಇಂಗ್ಲಿಷಿನಲ್ಲಿ ಪ್ರಸಾರವಾಯಿತು.

1998ರಲ್ಲಿ ಜ್ಞಾನಪೀಠ ಪ್ರಶಸ್ತಿ ಸಂದಿತು. 2000ದಿಂದ 2003ರವರೆಗೆ ಲಂಡನ್ನಿನ ನೆಹರೂ ಕೇಂದ್ರದ ನಿರ್ದೇಶಕರಾಗಿದ್ದರು. ಆತ್ಮಕಥೆ 'ಆಡಾಡತಾ ಆಯುಷ್ಯ' (2011) ಹೆಸರಿನಲ್ಲಿಯೇ ಧಾರವಾಡದ ನುಡಿಯನ್ನು ಉಳಿಸಿಕೊಂಡಿದೆ.

2019ರ ಜೂನ್ 10ರಂದು ಕಾರ್ನಾಡರು ಬೆಂಗಳೂರಿನಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಸರಕಾರಿ ಗೌರವವಿಲ್ಲದೆ ಅಂತ್ಯಕ್ರಿಯೆ ನೆರವೇರಿತು.