ಪೆಟ್ಟು ಬಿದ್ದ ಹಲ್ಲಿನ ಒಳಗಿನ ಚರಿತ್ರೆ

ಆಡುವ ಮಕ್ಕಳು ಮುಗ್ಗರಿಸಿ ಬಿದ್ದರೆ ಹೆಚ್ಚಾಗಿ ಪೆಟ್ಟು ತಿನ್ನುವುದು ಮೇಲಿನ ಎರಡು ಮುಂಬಲ್ಲುಗಳು. ಏಳೆಂಟನೆಯ ವಯಸ್ಸಿಗೆ ಮೂಡುವ ಈ ಶಾಶ್ವತ ಹಲ್ಲುಗಳು ಹೊರಗಿನಿಂದ ಪೂರ್ತಿ ಬೆಳೆದಂತೆ ಕಂಡರೂ ಒಳಗೆ ಇನ್ನೂ ಎಳೆಯವು. ಬೇರಿನ ತುದಿ ಮುಚ್ಚಿಕೊಳ್ಳಲು ಮತ್ತೆ ಸುಮಾರು ಮೂರು ವರ್ಷ ಬೇಕು. ಬೇರಿನ ಗೋಡೆಯನ್ನು ಕಟ್ಟುವುದು ಅದರೊಳಗಿನ ಮೆತ್ತಗಿನ ತಿರುಳು. ಪೆಟ್ಟಿಗೆ ತಿರುಳು ಸತ್ತರೆ ಬೇರು ಅಂದಿನ ವಯಸ್ಸಿಗೇ ನಿಂತುಬಿಡುತ್ತದೆ.

ವೈದ್ಯಕೀಯ ಚರಿತ್ರೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಈ ಹಲ್ಲಿನತ್ತ ಎಳೆದದ್ದು ಒಂದು ಹಳೆಯ ಪ್ರಶ್ನೆ. ಇಂಥ ಹಲ್ಲಿನ ಬುಡದಲ್ಲಿ ಕೀವಾಗಿ ದವಡೆಯ ಎಲುಬು ಕರಗುತ್ತದಲ್ಲ, ಅದಕ್ಕೆ ಕಾರಣ ಸತ್ತ ತಿರುಳೋ, ಅದರೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾವೋ?

ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯು. ಡಿ. ಮಿಲ್ಲರ್ 1894ರಲ್ಲೇ ಕೆಟ್ಟ ತಿರುಳಿನಲ್ಲಿ ಬ್ಯಾಕ್ಟೀರಿಯಾ ಇರುವುದನ್ನು ವರದಿ ಮಾಡಿದ್ದ. ಆದರೆ ಸ್ಥಳದಲ್ಲಿ ಸಿಕ್ಕವರೆಲ್ಲ ಅಪರಾಧಿಗಳಲ್ಲ. 1910ರಲ್ಲಿ ವಿಲಿಯಂ ಹಂಟರ್ ಮಾಂಟ್ರಿಯಲ್‌ನಲ್ಲಿ ಮಾತನಾಡುತ್ತ, ದೇಹದ ಹಲವು ರೋಗಗಳಿಗೆ ಬಾಯಿಯ ಸೋಂಕೇ ಮೂಲ ಎಂದ. ಆಮೇಲಿನ ದಶಕಗಳಲ್ಲಿ ಅನುಮಾನ ಬಂದ ಹಲ್ಲನ್ನು ಕೀಳುವುದೇ ಚಿಕಿತ್ಸೆಯಾಯಿತು. ಉಳಿಸಬಹುದಾಗಿದ್ದ ಎಷ್ಟೋ ಹಲ್ಲುಗಳು ಹೋದವು.

1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟಾನ್ಲಿ ಮತ್ತು ಫಿಟ್ಜೆರಾಲ್ಡ್ ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆಯಿತು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಗಾಯ ಮಾಯಿತು.

ಮನುಷ್ಯರಲ್ಲಿ ಇದಕ್ಕೆ ಉತ್ತರ ಕೊಟ್ಟದ್ದು ಪೆಟ್ಟು ಬಿದ್ದ ಹಲ್ಲುಗಳೇ. ಹುಳುಕು ಹಲ್ಲಿನಲ್ಲಿ ರೋಗಾಣು ಹೊಕ್ಕ ದಾರಿ ತೆರೆದೇ ಇರುತ್ತದೆ. ಅಲ್ಲಿ ಸತ್ತ ತಿರುಳನ್ನೂ ಸೋಂಕನ್ನೂ ಬೇರ್ಪಡಿಸಿ ನೋಡುವುದು ಕಷ್ಟ. ಸ್ವೀಡನ್ನಿನ ಉಮಿಯೊದಲ್ಲಿ ಯೋರನ್ ಸುಂಡ್‌ಕ್ವಿಸ್ಟ್ ತನ್ನ 1976ರ ಪ್ರಬಂಧಕ್ಕೆ ಪೆಟ್ಟಿನಿಂದ ತಿರುಳು ಸತ್ತಿದ್ದ, ಆದರೆ ಹೊರಗೆ ಹುಳುಕಿಲ್ಲದ 32 ಹಲ್ಲುಗಳನ್ನು ಆರಿಸಿಕೊಂಡ. ಬುಡದ ಎಲುಬು ಕರಗಿದ್ದ 19 ಹಲ್ಲುಗಳ ಪೈಕಿ 18ರಲ್ಲಿ ಬ್ಯಾಕ್ಟೀರಿಯಾ ಸಿಕ್ಕವು. ಎಲುಬು ಸರಿಯಿದ್ದ ಹಲ್ಲುಗಳಲ್ಲಿ ತಿರುಳು ಸತ್ತಿದ್ದರೂ ಬ್ಯಾಕ್ಟೀರಿಯಾ ಇರಲಿಲ್ಲ. ಸಿಕ್ಕವುಗಳಲ್ಲಿ ಬಹುಪಾಲು ಆಮ್ಲಜನಕವಿಲ್ಲದೆ ಬದುಕುವಂಥವು. ಹಳೆಯ ಪ್ರಯೋಗಾಲಯಗಳ ಕಣ್ಣಿಗೆ ಅವು ಸುಲಭವಾಗಿ ಬೀಳುತ್ತಿರಲಿಲ್ಲ. ಎನಾಮಲ್ಲಿನ ಕೂದಲೆಳೆಯ ಬಿರುಕು, ಅದರಡಿಯ ಡೆಂಟಿನ್ನಿನ ಸೂಕ್ಷ್ಮನಾಳ ಇವಿಷ್ಟೇ ಅವಕ್ಕೆ ಸಾಕಾದ ದಾರಿ.

ಅಂದರೆ ಸಾವಲ್ಲ, ಸೋಂಕು ಶತ್ರು. ಈ ತಿಳಿವಳಿಕೆ ಎಳೆಯ ಹಲ್ಲಿಗೆ ತಲುಪಲು ಮತ್ತಷ್ಟು ಕಾಲ ಬೇಕಾಯಿತು. ಸೋಂಕನ್ನು ಕೊಲ್ಲಲು ತಿಂಗಳುಗಟ್ಟಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿಡುತ್ತಿದ್ದರು. ಕೀವು ನಿಲ್ಲುತ್ತಿತ್ತು, ಬೇರಿನ ತೆಳುಗೋಡೆ ಮಾತ್ರ ಹಾಗೇ ಉಳಿಯುತ್ತಿತ್ತು. ಹೀಗೆ ಚಿಕಿತ್ಸೆ ಪಡೆದ ಮುಂಬಲ್ಲುಗಳನ್ನು ಸ್ವೀಡನ್ನಿನ ಮಿಯೊಮಿರ್ ಚ್ವೆಕ್ 1992ರಲ್ಲಿ ಲೆಕ್ಕಹಾಕಿದಾಗ, ಬೇರು ತೀರ ಎಳೆಯದಾಗಿದ್ದ ಹಲ್ಲುಗಳಲ್ಲಿ ಶೇ. 77ರಷ್ಟು ಕುತ್ತಿಗೆಯ ಬಳಿ ಮುರಿದಿದ್ದವು.

2001ರಲ್ಲಿ ಜಪಾನಿನ ಇವಾಯಾ ಮತ್ತು ಸಂಗಡಿಗರು 13 ವರ್ಷದ ರೋಗಿಯೊಬ್ಬರ ಕೀವಾದ ಎಳೆಯ ಹಲ್ಲಿಗೆ ಜೀವಾಣುನಾಶಕ ಹಾಕಿ, ಬೇರಿನ ನಾಳವನ್ನು ಖಾಲಿಯೇ ಬಿಟ್ಟರು. 30 ತಿಂಗಳಲ್ಲಿ ಗೋಡೆ ದಪ್ಪವಾಗಿ, ತುದಿ ಮುಚ್ಚಿಕೊಂಡಿತ್ತು. ಎಲ್ಲ ಹಲ್ಲುಗಳೂ ಹೀಗೆ ಬೆಳೆಯುವುದಿಲ್ಲ. ಆದರೂ ಕೀಳುವುದು, ತುಂಬುವುದು ಎರಡೇ ಗೊತ್ತಿದ್ದ ವಿದ್ಯೆ, ಸೋಂಕು ತೆಗೆದು ಬೇರಿಗೆ ಬೆಳೆಯಲು ಜಾಗ ಬಿಡುವುದನ್ನು ಕಲಿತದ್ದು ಹೀಗೆ.